ಬೋಂದೆಲ್ ಬಿದ್ದ ಸುದ್ದಿ

ಬಂಟ್ವಾಳ ಪೇಟೆ
ಭಾನುವಾರ, 25 ನವೆಂಬರ್ 1962

ಪ್ರೀತಿಯ ರಾಜೀವಿಗೆ,

ನೀನು ಹೇಗಿದ್ದೀ? ಅತ್ತೆಯವರ ಮೊಣಕಾಲು ನೋವು ಕಡಿಮೆಯಾಯಿತೇ? ಶಿರ್ತಾಡಿಯ ಆ ವೈದ್ಯರ ಎಣ್ಣೆ ಹಚ್ಚುವುದನ್ನು ನಿಲ್ಲಿಸಬಾರದೆಂದು ಹೇಳು. ಕಾಂತಿಗೆ ಈಗ ರಾತ್ರಿ ನಿದ್ದೆ ಬರುತ್ತದೆಯೇ? ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಿತ್ತು, ಕೇಳಲು ಹೆದರಿಕೆಯಾಗಿ ಕೊನೆಗೆ ಇಟ್ಟೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಕ್ರಮ, ಆದ್ದರಿಂದ ಬರೆದಿದ್ದೇನೆ. ನಾನು ಮಾಡುವ ಅನ್ನ ಒಂದು ದಿನ ಗಂಜಿ, ಒಂದು ದಿನ ಅಕ್ಕಿ. ಬೆಕ್ಕು ನಿನ್ನನ್ನು ಹುಡುಕಿ ಹುಡುಕಿ ಸಾಕಾಗಿ ಈಗ ಎದುರಿನ ಮಹಮ್ಮದ್ ಕುಂಞಿಯವರ ಹೋಟೆಲಿನ ಪಕ್ಷ ಸೇರಿದೆ. ಅಲ್ಲಿ ಮೀನು ಉಂಟು, ಇಲ್ಲಿ ನಾನು ಮಾತ್ರ. ನೀನು ತವರಿಗೆ ಹೋದ ಮೇಲೆ ಇದು ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಹರಿದು ಹಾಕಿದೆ, ಯಾಕೆಂದರೆ ಮೂರರಲ್ಲೂ ಎರಡನೆಯ ಸಾಲಿಗೇ ಚೀನಾದವರು ಬಂದುಬಿಟ್ಟಿದ್ದರು. ಇದರಲ್ಲಿ ಆದಷ್ಟು ತಡೆದು ಹಿಡಿದಿದ್ದೇನೆ. ಒಂದೆರಡು ಕಡೆ ನುಸುಳಿದರೆ ಬೈಯಬೇಡ.

ತಪ್ಪೆಲ್ಲ ನನ್ನದೆಂದು ನೀನು ನಿನ್ನ ತಮ್ಮ ಭೋಜನ ಹತ್ತಿರ ಹೇಳಿರಬಹುದು. ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ನನ್ನದೂ ಒಂದು ಮಾತು ಉಂಟು, ಕೇಳು. ದೇಶಕ್ಕೆ ಬೆಂಕಿ ಬಿದ್ದಾಗ ಮನುಷ್ಯ ಸುದ್ದಿಯನ್ನೂ ಕೇಳಬಾರದೇ? ಕುಂಞಿಯವರು ಆ ರೇಡಿಯೋ ತಂದದ್ದು ಹಾಡು ಕೇಳಲಿಕ್ಕೆ, ಯುದ್ಧಕ್ಕಲ್ಲ. ಆದರೆ ದೆಹಲಿಯಿಂದ ಬರುವ ಕನ್ನಡ ವಾರ್ತೆ, ಅದೂ ಗರಗರ ಶಬ್ದದ ನಡುವೆ, ನಮ್ಮ ಪೇಟೆಯಲ್ಲಿ ಎಷ್ಟು ಜನಕ್ಕೆ ಅರ್ಥವಾಗುತ್ತದೆ? ಕುಂಞಿಯವರು ಹೋಟೆಲಿನಿಂದಲೇ ಕರೆಯುತ್ತಿದ್ದರು, "ಟೈಲರೇ, ಬನ್ನಿ, ಇವತ್ತು ಎಲ್ಲಿಗೆ ಮುಟ್ಟಿದ್ದಾರೆ ನೋಡಿ" ಎಂದು. ನಾನು ಕತ್ತರಿ ಇಟ್ಟು ಹೋಗುತ್ತಿದ್ದೆ. ವಾರ್ತೆಯನ್ನು ತುಳುವಿಗೆ ತಿರುಗಿಸಿ ಹೇಳುತ್ತಿದ್ದೆ. ಪೇಟೆಗೆ ಪೇಟೆಯೇ ಬಾಯಿ ಮುಚ್ಚಿ ನನ್ನ ಬಾಯಿ ನೋಡುತ್ತಿತ್ತು. ಶಾಲೆಯ ಚಡ್ಡಿಗೆ ಪಟ್ಟಿ ಹೊಲಿಯುವವನಿಗೆ ಇಷ್ಟು ಮರ್ಯಾದೆ ಮೊದಲು ಯಾವಾಗ ಸಿಕ್ಕಿತ್ತು ಹೇಳು. ಕೊನೆಕೊನೆಗೆ ರೇಡಿಯೋದವರು ಹೇಳಿದ್ದಕ್ಕೆ ನಾನು ಸ್ವಲ್ಪ ಒಗ್ಗರಣೆಯನ್ನೂ ಹಾಕುತ್ತಿದ್ದೆ. ಒಂದು ದಿನ ನೀನು ಬಾಗಿಲಲ್ಲಿ ನಿಂತು, "ಚೀನಾದವರು ಬಂದರೆ ಅವರ ಅಂಗಿಗೂ ಗುಂಡಿ ಬೇಕಲ್ಲ, ಬಂದು ಕೂತು ಹೊಲೀರಿ" ಎಂದೆ. ಅಲ್ಲಿದ್ದವರೆಲ್ಲ ನಕ್ಕರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತಿಡೀ ಮೆಷಿನು ಮುಟ್ಟಲಿಲ್ಲ.

ಅದು ಕಾಂತಿಯ ದೀಪಾವಳಿಯ ಲಂಗ ಹೊಲಿಯಬೇಕಾದ ದಿನವಾಗಿತ್ತು. ಹಸಿರು ಬಟ್ಟೆ, ಬಿಳಿ ಚುಕ್ಕಿ, ನೀನೇ ಆರಿಸಿದ್ದು. ತವಾಂಗ್ ಚೀನಾದವರ ಕೈಗೆ ಬಿದ್ದ ವಾರ ಅದು, ನಾಳೆ ಹೊಲಿಯುವ, ನಾಡಿದ್ದು ಹೊಲಿಯುವ ಎಂದು ಹಬ್ಬವೇ ಕಳೆಯಿತು. ಊರಿನ ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿಕೊಂಡರು, ಟೈಲರನ ಮಗಳು ಹಳೆಯದನ್ನು ಹಾಕಿಕೊಂಡಳು. ಅವಳು ಕೇಳಲೂ ಇಲ್ಲ. ಕೇಳಿದ್ದು ಬೇರೆ: "ಅಪ್ಪ, ನಾವು ಓಡುವಾಗ ಬೆಕ್ಕನ್ನು ಯಾರು ಹಿಡ್ಕೊಳ್ಳುವುದು?" ನಾನು ಅದನ್ನು ಹೋಟೆಲಿನಲ್ಲಿ ತಮಾಷೆಯಾಗಿ ಹೇಳಿ ನಗಿಸಿದೆ. ಎಂಟು ವರ್ಷದ ಮಗು ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ ಎಂದು ನೀನು ಹೇಳಿದಾಗ, ಮಕ್ಕಳು ಹಾಗೆಯೇ ಎಂದೆ. ನೀನು ಕಿವಿಯ ಓಲೆ ಬಿಚ್ಚಿ ಶಾಲೆಯವರ ರಕ್ಷಣಾ ನಿಧಿಗೆ ಕೊಟ್ಟು ಬಂದವಳು ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ನಾನು ಒಂದು ಗುಂಡಿಯನ್ನೂ ಕೊಡದೆ ಊರಿಗೆಲ್ಲ ಯುದ್ಧ ಹಂಚಿದೆ. ಮರುವಾರ ನೀನು ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದೆ. "ಯುದ್ಧ ಮುಗಿದ ಮೇಲೆ ಒಂದು ಕಾರ್ಡು ಹಾಕಿ, ಬರ್ತೇನೆ" ಎಂದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಇನ್ನೂ ಏನೋ ಹೇಳಿದೆ. ಮಂಚದ ಕೆಳಗೆ ಗಂಟು, ಬಿಚ್ಚಿ ನೋಡಿ ಎಂದ ಹಾಗೆ ಕೇಳಿಸಿತು. ಆಗ ನನ್ನ ಕಿವಿ ಮಂಗಳೂರಿನಿಂದ ಬಂದವನೊಬ್ಬನ ಮಾತಿನ ಮೇಲಿತ್ತು. ಮಡಿವಾಳರಿಗೆ ಕೊಡುವ ಬಟ್ಟೆಯ ಗಂಟೇ? ಬರೆದು ತಿಳಿಸು. ಹಾಗೆಯೇ ನನ್ನ ಅಳತೆಯ ಟೇಪು ಎಲ್ಲಿಟ್ಟಿದ್ದೀ ಎಂದೂ ಬರೆ. ಹಬ್ಬದಿಂದ ಕಾಣುವುದಿಲ್ಲ. ಕುಂಞಿಯವರ ಆಡಿನ ಮೇಲೆ ನನಗೆ ಸಂಶಯ. ದಾರಕ್ಕೆ ಗಂಟು ಹಾಕಿ ಅಳತೆ ತೆಗೆಯುತ್ತಿದ್ದೇನೆ, ಮೊನ್ನೆ ಹೊಲಿದ ಅಂಗಿಯ ಎರಡು ತೋಳುಗಳು ಒಂದೇ ಮನುಷ್ಯನದ್ದಲ್ಲ.

ಈಗ ಮಂಗಳವಾರದ ಕಥೆ. ಇದು ನಿಮ್ಮ ಕಡೆಯ ಮೂಡಬಿದ್ರೆಯವರೆಗೆ ಆಗಲೇ ಬಂದಿರಬಹುದು, ಆದರೂ ನನ್ನ ಬಾಯಿಯಿಂದಲೇ ನೀನು ಕೇಳಬೇಕು. ಸಂಜೆಯ ವಾರ್ತೆಯಲ್ಲಿ ಆ ಬೆಟ್ಟದ ಕಡೆಯ ಬೋಮ್ಡಿಲಾ ಎಂಬ ಊರು ನಮ್ಮ ಕೈಬಿಟ್ಟು ಹೋಯಿತೆಂದು ಹೇಳಿದರು. ನಾನು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, "ಬೋಮ್ಡಿಲಾ ಪೋಂಡು", ಹೋಯಿತು, ಎಂದೆ. ಹೇಳಿ ಮುಗಿಸಿ ನದಿಗೆ ಇಳಿದು ಮುಖ ತೊಳೆದು ಅಲ್ಲೇ ಮೆಟ್ಟಿಲಲ್ಲಿ ಕೂತೆ. ನೀರು ಇಳಿದಿದೆ, ಆಚೆ ದಡದಲ್ಲಿ ಮರಳು ಕಾಣುತ್ತದೆ. ಸ್ವಲ್ಪ ಹೊತ್ತಿನ ನಂತರ ಮೀನು ಮಾರ್ಕೆಟಿನ ದಾರಿಯಾಗಿ ಹತ್ತಿ ಬಂದರೆ ಅಂಗಡಿಗಳ ಹಲಗೆ ಹಾಕುತ್ತಿದ್ದಾರೆ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದಾರೆ. ಏನೆಂದು ಕೇಳಿದೆ. "ಬೋಂದೆಲ್ ಪೋಂಡು" ಎಂದರು. ಮಂಗಳೂರಿನ ನಮ್ಮ ಬೋಂದೆಲ್! ಅಲ್ಲೇ ಹತ್ತಿರದ ಬಜಪೆಯ ವಿಮಾನ ನಿಲ್ದಾಣದಲ್ಲಿ ಚೀನಾದವರು ಇಳಿದಿದ್ದಾರಂತೆ.

ನಂಬು ರಾಜೀವಿ, ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಕೆಟ್ಟದ್ದನ್ನೇ ಕೇಳಿ ಕೇಳಿ ಕಿವಿ ಅಷ್ಟು ಹದವಾಗಿತ್ತು. ಬಜಪೆಯಿಂದ ಮೂಡಬಿದ್ರೆಗೆ ಎಷ್ಟು ದೂರ, ಮೂಡಬಿದ್ರೆಯಿಂದ ಶಿರ್ತಾಡಿಗೆ ಎಷ್ಟು ದೂರ, ಇಷ್ಟೇ ತಲೆಯಲ್ಲಿ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ, ಬಸ್ಸು ನಿಲ್ಲುವಲ್ಲಿಗೆ ಓಡಿದೆ. ಮೂಡಬಿದ್ರೆಯಿಂದ ಬಂದ ಬಸ್ಸು ನಿಂತಿತ್ತು, ಕಂಡಕ್ಟರ್ ಅಣ್ಣು ಬೀಡಿ ಹಚ್ಚುತ್ತಿದ್ದ. ಈಗಲೇ ಬಸ್ಸು ತಿರುಗಿಸು, ಹೆಂಡತಿ ಮಗು ಅಲ್ಲಿದ್ದಾರೆ ಎಂದು ಅವನ ಅಂಗಿ ಹಿಡಿದೆ. ಅವನು ಹೇಳಿದ್ದು: "ಮಾರಾಯ್ರೇ, ನಾನು ಅಲ್ಲಿಂದಲೇ ಬಂದದ್ದು. ಬಸ್ಸು ತುಂಬ ಜನ ಇದ್ದರು, ಒಬ್ಬನೂ ಚೀನಾದವನಲ್ಲ. ನಿಮಗೆ ಇದು ಯಾರು ಹೇಳಿದ್ದು?" ಅಲ್ಲೇ ಸೋಡಾದ ಪದ್ಮಯ್ಯ ಗೋಲಿ ಬಾಟಲಿಗಳನ್ನು ಗೋಣಿಗೆ ತುಂಬುತ್ತಿದ್ದ. ನಾನು ಓಡಿ ಬರುವಾಗ ಅವನೂ ಅದನ್ನೇ ಹೇಳಿದ್ದ, ಅವನನ್ನು ತೋರಿಸಿದೆ. ಅವನಿಗೆ ಯಾರು ಹೇಳಿದ್ದು ಎಂದು ಅಣ್ಣು ಕೇಳಿದ. ಪದ್ಮಯ್ಯ ತಲೆ ಎತ್ತದೆ, "ನನಗೇನು ಗೊತ್ತು, ಟೈಲರು ಹೋಟೆಲಿನಲ್ಲಿ ಎದ್ದು ನಿಂತು ಹೇಳಿದ್ದಂತೆ" ಎಂದ.

ನನ್ನ ಸುದ್ದಿಯೇ ಪೇಟೆಗೆ ಒಂದು ಸುತ್ತು ಹಾಕಿ ನನ್ನ ಹತ್ತಿರವೇ ಬಂದಿತ್ತು, ನಾನು ಅದರ ಗುರುತು ಹಿಡಿಯಲಿಲ್ಲ. ಅಣ್ಣು ನಕ್ಕ, ನಗಲಿ. ಆದರೆ ಅಲ್ಲೇ ನೆಲದಲ್ಲಿ ಬಳೆ ಮಾರುವ ಸೇಸಮ್ಮ ಕುಸಿದು ಕೂತಿದ್ದಳು. ಅವಳ ಒಬ್ಬಳೇ ಮಗಳು ಸ್ವರ್ಣಲತಾಳನ್ನು ಕೊಟ್ಟದ್ದು ಬೋಂದೆಲಿಗಲ್ಲವೇ. ನಾನು ಹತ್ತಿರ ಕೂತು, ಅದು ಬೇರೆ ಊರಮ್ಮ, ಅಸ್ಸಾಮಿನಿಂದಲೂ ಆಚೆ, ಹೆಸರು ಮಾತ್ರ ಹತ್ತಿರ ಹತ್ತಿರ ಎಂದೆ. ಅವಳು ನನ್ನ ಮುಖ ನೋಡಿ ಹೇಳಿದಳು: "ಇಷ್ಟು ದಿನ ನೀವು ಹೇಳಿದ ಕೆಟ್ಟದ್ದೆಲ್ಲ ನಿಜ ಆಯಿತು. ಈಗ ಇದೊಂದು ಸುಳ್ಳು ಅಂತ ಹೇಗೆ ನಂಬುವುದು?" ನಾಳೆ ಬೆಳಿಗ್ಗೆ ಹೋಗಿ ನೋಡಿಕೊಂಡು ಬರುವ ಎಂದೆ.

ಹೋದೆವು. ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಿ, ಬೋಂದೆಲಿನಲ್ಲಿ ಇಳಿದು, ಗದ್ದೆಯ ಅಂಚಿನಲ್ಲಿ ನಡೆದು ಹೋದರೆ ಸ್ವರ್ಣಲತಾ ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದಾಳೆ. ಕರೆಯದೆ, ಹೇಳಿ ಕಳಿಸದೆ ತಾಯಿ ಬಂದದ್ದು ನೋಡಿ ಅವಳ ಕೈಯಿಂದ ಮರದ ಮರಿಗೆ ಬಿತ್ತು. "ಯಾರು ಹೋದದ್ದಮ್ಮ?" ಎಂದು ಕೇಳಿದಳು. ಸೇಸಮ್ಮ, "ಬೋಂದೆಲೇ ಹೋಯಿತು ಅಂದರು" ಎಂದಳು. "ಎಲ್ಲಿಗೆ?" ಎಂದಳು ಅವಳು. ಆಮೇಲೆ ಇಬ್ಬರೂ ನಕ್ಕದ್ದೇ ನಕ್ಕದ್ದು, ನಕ್ಕು ನಕ್ಕು ಸೇಸಮ್ಮ ಅತ್ತಳು. ನಾನು ಜಗಲಿಯಲ್ಲಿ ಕೂತು ನೀರುದೋಸೆ ತಿಂದೆ. ಒಂದು ರಾತ್ರಿ ಸೇಸಮ್ಮನಿಗೆ ಆದದ್ದು ಕಾಂತಿಗೆ ಒಂದು ತಿಂಗಳಿಂದ ಆಗುತ್ತಿತ್ತಲ್ಲ ಎಂಬುದು ನನಗೆ ಹೊಳೆದದ್ದು ಅಲ್ಲಿ. ಅವಳನ್ನು ನಾನು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ, ನೋಡು ಮಗಾ, ಎಲ್ಲ ಸರಿಯಾಗಿದೆ ಎಂದು ತೋರಿಸಲಿಲ್ಲ. ನೀನು ತೋರಿಸಿದೆ. ಶಿರ್ತಾಡಿಗೆ ಕರೆದುಕೊಂಡು ಹೋದದ್ದು ಅದಕ್ಕೇ ಇರಬೇಕು. ನಾನು ಅದನ್ನು ಸಿಟ್ಟು ಎಂದುಕೊಂಡಿದ್ದೆ.

ಹಿಂತಿರುಗಿ ಬರುವಾಗ ಮಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಚೀನಾದವರು ತಾವಾಗಿಯೇ ಯುದ್ಧ ನಿಲ್ಲಿಸುತ್ತಾರಂತೆ ಎಂದು. ಇದೊಂದು ನುಸುಳಿತು, ಕ್ಷಮಿಸು. ಅವರು ಬಂದದ್ದೂ ನನ್ನನ್ನು ಕೇಳಿ ಅಲ್ಲ, ನಿಲ್ಲುವುದೂ ನನ್ನನ್ನು ಕೇಳಿ ಅಲ್ಲ. ಯುದ್ಧ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಚಳಿಯಲ್ಲಿ ಸತ್ತವರು ಯಾರದೋ ಮಕ್ಕಳು, ನೆನೆಸಿದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಮೆಷಿನಿನಲ್ಲಿ ಬಟ್ಟೆ ಇಲ್ಲದಿದ್ದರೂ ಕಾಲು ತನ್ನಷ್ಟಕ್ಕೆ ತುಳಿಯುತ್ತಾ ಇರುತ್ತದೆ. ಆದರೆ ಬೀರುವಿನಲ್ಲಿ ಮಡಚಿ ಇಟ್ಟ ಹಸಿರು ಬಟ್ಟೆ ಹಾಗಲ್ಲ. ಅದು ಲಂಗವಾಗಬೇಕಾದರೆ ನನ್ನನ್ನೇ ಕೇಳಬೇಕು.

ರೇಡಿಯೋ ಕೇಳುವುದು ಬಿಟ್ಟಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಸಂಜೆ ಒಂದು ಸಲ ಹೋಗುತ್ತೇನೆ, ವಾರ್ತೆ ಮುಗಿದ ಕೂಡಲೇ ಎದ್ದು ಬರುತ್ತೇನೆ. ಒಗ್ಗರಣೆ ಹಾಕುವುದು ನಿಲ್ಲಿಸಿದ್ದೇನೆ. ಮೊನ್ನೆ ಕುಂಞಿಯವರು, "ರೇಡಿಯೋಕ್ಕೂ ಒಂದು ಗುಂಡಿ ಉಂಟು ಟೈಲರೇ, ನಿಮಗೆ ಗುಂಡಿ ಹಾಕಲಿಕ್ಕೆ ಮಾತ್ರ ಗೊತ್ತು, ತಿರುಗಿಸಲಿಕ್ಕೆ ಗೊತ್ತಿಲ್ಲ" ಎಂದರು. ಅವರು ಹೇಳಿದ್ದು ಸರಿ. ಮಹಿಳಾ ಸಮಾಜದವರು ಜವಾನರಿಗೆ ಕಳಿಸಲು ಉಣ್ಣೆ ಬಟ್ಟೆ ಕೇಳುತ್ತಿದ್ದರು. ನಮ್ಮ ಈ ಬೆವರುವ ಊರಿನಲ್ಲಿ ಉಣ್ಣೆ ಯಾರ ಹತ್ತಿರ ಉಂಟು? ಹಳೆಯ ಕಂಬಳಿ ಕೊಟ್ಟರೆ ತೋಳಿಲ್ಲದ ಅಂಗಿ ಹೊಲಿದು ಕೊಡುತ್ತೇನೆ ಎಂದೆ, ಈಗ ಅಂಗಡಿ ತುಂಬ ಕಂಬಳಿಯ ನಾತ. ಹೊಲಿಗೆ ಮುಗಿಯುತ್ತಾ ಬಂತು, ಗುಂಡಿಯ ಕಾಜ ಮಾತ್ರ ಬಾಕಿ. ನಿನ್ನ ಕೈಯ ಕಾಜ ಗಂಡಸರಿಗೆ ಬರುವುದಿಲ್ಲ. ಅದಕ್ಕಾಗಿ ಬಾ ಎಂದು ಹೇಳುವುದಲ್ಲ. ಯುದ್ಧ ಮುಗಿದ ಮೇಲೆ ಕಾರ್ಡು ಹಾಕಲು ನೀನು ಹೇಳಿದ್ದೆ. ಪೂರ್ತಿ ಮುಗಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ದೆಹಲಿಯವರಿಗೂ ಗೊತ್ತಿರಲಿಕ್ಕಿಲ್ಲ. ಅದನ್ನೇ ಕಾದು ಕೂತರೆ ಇದಲ್ಲದಿದ್ದರೆ ಇನ್ನೊಂದು ಬರುತ್ತದೆ. ನಿನಗೆ ಯಾವಾಗ ಮನಸ್ಸಾಗುತ್ತದೋ ಆಗ ಬಾ.

ಅತ್ತೆಯವರ ಕಾಲಿಗೆ ನನ್ನ ನಮಸ್ಕಾರ. ಭೋಜನನ್ನು ಕೇಳಿದೆನೆಂದು ಹೇಳು, ನನ್ನ ವಿಷಯದಲ್ಲಿ ಅವನು ನಗುವುದಾದರೆ ನಗಲಿ. ಕಾಂತಿಗೆ ಮುತ್ತು, ಬೆಕ್ಕು ಕ್ಷೇಮ ಎಂದು ತಪ್ಪದೆ ಹೇಳು. ದೇವರು ನಿಮ್ಮಿಬ್ಬರನ್ನು ತಂಪಾಗಿ ಇಟ್ಟಿರಲಿ.

ನಿನ್ನವನೇ ಆದ,
ಶೇಷಪ್ಪ

ಮತ್ತೆ: ಕಾಗದ ಮಡಚುವಾಗ ಕವರು ಗಾಳಿಗೆ ಹಾರಿ ಮಂಚದ ಕೆಳಗೆ ಹೋಯಿತು. ತೆಗೆಯಲು ಬಗ್ಗಿದವನಿಗೆ ಗಂಟು ಸಿಕ್ಕಿತು. ಮಡಿವಾಳರದ್ದಲ್ಲ. ಕಾಂತಿಯ ಹಳೆಯ ಲಂಗ, ಅವಲಕ್ಕಿ, ಇರುವೆ ಮುತ್ತಿದ ಬೆಲ್ಲದ ತುಂಡು, ಬೆಕ್ಕಿಗೆ ಕಟ್ಟಲು ಹುರಿಹಗ್ಗ. ಎಲ್ಲದರ ಅಡಿಯಲ್ಲಿ ಸುರುಳಿ ಸುತ್ತಿದ ನನ್ನ ಟೇಪು, ಸಣ್ಣ ಕತ್ತರಿ, ಕರಿ ದಾರ ಪೋಣಿಸಿ ಬಟ್ಟೆಗೆ ಚುಚ್ಚಿಟ್ಟ ಸೂಜಿ. ಓಡಬೇಕಾದೀತು ಎಂದು ನಾನು ಊರಿಗೆಲ್ಲ ಹೇಳಿದೆ. ಓಡಿದ ಮೇಲೆ ಅಪ್ಪ ಹೊಲಿದು ಸಾಕುತ್ತಾರೆ ಎಂದು ಯೋಚನೆ ಮಾಡಿದ್ದು ಈ ಗಂಟು ಕಟ್ಟಿದ ಕಾಂತಿಯೊಬ್ಬಳೇ. ಒಬ್ಬನೇ ಕೂತು ಅತ್ತುಬಿಟ್ಟೆ, ರಾಜೀವಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ಬರ್ತೇನೆ, ಕೈಯಲ್ಲಿ ಕೊಡ್ತೇನೆ, ಎದುರು ನಿಂತು ಇದನ್ನೆಲ್ಲ ಹೇಳಲು ನನ್ನಿಂದ ಆಗುವುದಿಲ್ಲ. ನೀನು ಓದುತ್ತಿರು, ನಾನು ಅಷ್ಟರಲ್ಲಿ ಅವಳನ್ನು ಜಗಲಿಯಲ್ಲಿ ನಿಲ್ಲಿಸಿ ಅಳತೆ ತೆಗೆಯುತ್ತೇನೆ. ಹಸಿರು ಬಟ್ಟೆಯೂ ಟೇಪೂ ಚೀಲದಲ್ಲಿ ಉಂಟು. ಹಳೆಯ ಲಂಗದ ಅಳತೆ ಆಗಲಿಕ್ಕಿಲ್ಲ, ಮಗು ಈಗ ಬೆಳೆದಿರಬೇಕು.