ಬೆಕ್ಕಿಗೆ ಬಟಾಣಿ ದೀಕ್ಷೆ

ಮಗೂ,

ನೀನು ಏಳುವ ಹೊತ್ತಿಗೆ ನಾನು ಮೀನಿನ ಅಂಗಡಿಯಲ್ಲಿರುತ್ತೇನೆ. ಗಾಬರಿಯಾಗಬೇಡ, ನಿನ್ನ ತಾತ ಕೆಟ್ಟಿಲ್ಲ. ಮೀನು ಬೆಕ್ಕಿಗೆ.

ನಿನ್ನ ಸೋಯಾ ಹಾಲು ಕಾಯಿಸಿಟ್ಟಿದ್ದೇನೆ. ನೀನು ವೀಗನ್ ಆದದ್ದಕ್ಕೆ ನನ್ನ ತಕರಾರಿಲ್ಲ. ಕರುವಿನ ಹಾಲು ಕರುವಿಗೇ ಎಂದೆಯಲ್ಲ, ಆ ಮಾತು ನ್ಯಾಯವೇ; ಮೊಸರು ಬಿಡುವುದು ಮಾತ್ರ ನನ್ನಿಂದಾಗದು. ಆದರೆ ಬೆಕ್ಕಿಗೂ ಮೀನು ಬಿಡಿಸಿ ಬಟಾಣಿ ಹಾಕಿ, ಅದಕ್ಕೆ ಆ ಚೂಪು ಹಲ್ಲು ಕೊಟ್ಟ ದೇವರನ್ನು ತಿದ್ದಲು ನಿನಗೆ ಯಾರು ಹೇಳಿದರು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಚೆಲ್ಲಾಟ ನಿನ್ನದು, ಪ್ರಾಣಸಂಕಟ ಬೆಕ್ಕಿನದು.

ನಿನ್ನೆ ಅದು ಕಿಟಕಿಗೆ ಹಾರಲಾಗದೆ ಬಿತ್ತು. ಎತ್ತಿಕೊಂಡು ಹೋದೆ. ಪ್ರಾಣಿವೈದ್ಯರು ನೋಡಿ, "ಬರೀ ಬಟಾಣಿ ಹಾಕಿದ್ರೆ ಮೊದಲು ಕಣ್ಣು ಹೋಗುತ್ತೆ, ಆಮೇಲೆ ಹೃದಯ. ಯಾರು ಸ್ವಾಮಿ ಇದನ್ನ ಉಪವಾಸ ಕೆಡವಿದ್ದು?" ಎಂದರು. "ಪ್ರಾಣಿದಯೆ ಇರೋರು" ಎಂದೆ.

ನಿನ್ನ ಅಜ್ಜಿ ಜೀವಮಾನದಲ್ಲಿ ಮೀನು ತಿಂದವಳಲ್ಲ. ಆದರೂ ದಿನವೂ ಹಿತ್ತಲಲ್ಲಿ ಕೈಯಾರೆ ಬೇಯಿಸಿ ಅದಕ್ಕೆ ಹಾಕುತ್ತಿದ್ದಳು. ಕೇಳಿದರೆ, "ವ್ರತ ನಂದು, ಹೊಟ್ಟೆ ಅದರದು" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಅವಳ ಮಂಚದ ಕಾಲುದೆಸೆಯಲ್ಲಿ ಮಲಗುವ ಜೀವ ಅದೊಂದೇ. ಅದನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಹಿತ್ತಲಿನ ಹಳೆಯ ಪಾತ್ರೆ ತೊಳೆದಿಡು. ಉಳಿದ ಬಟಾಣಿ ನೀನೇ ತಿನ್ನು, ಅನ್ನ ಬಿಸಾಡಬಾರದು. ಒಲೆ ಹಚ್ಚಿದಾಗ ಒಳಗೆ ಓಡಿಹೋಗದೆ ನನ್ನ ಪಕ್ಕ ನಿಲ್ಲು. ನನಗೂ ಆ ವಾಸನೆ ಆಗದು. ಅವಳಿದ್ದಾಗ ನಾನು ಬೀದಿ ಬಾಗಿಲಲ್ಲಿ ಹೋಗಿ ಕೂರುತ್ತಿದ್ದೆ. ಇಂದು ಇಬ್ಬರೂ ಮೂಗು ಮುಚ್ಚಿಕೊಂಡೇ ಬೇಯಿಸೋಣ.

ತಾತ