ಇಬ್ಬರು ಅಧ್ಯಕ್ಷರ ಸಂಘ

2023 ಜೂನ್ 4, ಭಾನುವಾರ. ಬೆಳಿಗ್ಗೆ 8

ರೊಟ್ಟಿ ಬಡಿದಾಯಿತು. ಹಿಟ್ಟು ಹಳೆಯದು, ಅಂಚೆಲ್ಲ ಒಡೆಯಿತು. ಇವರು ಇನ್ನೂ ಎದ್ದಿಲ್ಲ. ನಿನ್ನೆ ನಮ್ಮ ಬೇಸ್‌ಮೆಂಟಿನಲ್ಲೇ ಕೆನಡಾದ ನಮ್ಮ ಕನ್ನಡ ಸಂಘದ ಕಮಿಟಿ ಮೀಟಿಂಗು. ಹನ್ನೊಂದು ಗಂಡಸರು, ಎರಡು ಟ್ರೇ ಚಿತ್ರಾನ್ನ. ಕಳೆದ ರಾಜ್ಯೋತ್ಸವದಲ್ಲಿ ಮೈಕಿಗಾಗಿ ಕೈ ಕೈ ಮಿಲಾಯಿಸಿ, ಯಾರೋ ಪೊಲೀಸರನ್ನು ಕರೆಸಿ, ಅಲ್ಲಿಂದ ಏಳು ತಿಂಗಳು ಸಂಘಕ್ಕೆ ಬೀಗ. ಒಂದು ಕಡೆ ಮಿಸಿಸಾಗಾದ ಮೆಡೋವೇಲಿನವರು, ಇನ್ನೊಂದು ಕಡೆ ಸ್ಕಾರ್‌ಬರೋ, ಬೋಲ್ಟನ್ನಿನವರು. ಈಗ ರಾಜಿ. ಹೊಸ ಬೈಲಾ, ಹೊಸ ಚುನಾವಣೆ.

ಚುನಾವಣಾಧಿಕಾರಿ ನಾನು. ಹಾಲಿ ಅಧ್ಯಕ್ಷರು ಇವರೇ, ನನ್ನ ಗಂಡ ಜಯಪ್ರಕಾಶ. ಯುಎನ್ ಪರವಾಗಿ ಕಾಂಬೋಡಿಯಾದಲ್ಲೇ ಮಾಡಿಸಿದ್ದೀಯ, ಇದೇನು ಮಹಾ ಎಂದರು. ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಚುನಾವಣೆ ಆಗುತ್ತದೆ ಎಂದು ಒಬ್ಬರಿಗೂ ಅನ್ನಿಸಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಒಂದೂ ಆಗಿಲ್ಲ. ಯಾರದೋ ಬೇಸ್‌ಮೆಂಟಿನಲ್ಲಿ ಒಬ್ಬರ ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು — "ಸರ್ವಾನುಮತ". ಈ ಸಲ ಹರ್ಷವರ್ಧನ್ ಎಂದು ಆಗಲೇ ಗೊತ್ತು ಮಾಡಿಕೊಂಡಿದ್ದಾರೆ. ಮೆಡೋವೇಲಿನ ಯಾವುದೋ ಸಾಫ್ಟ್‌ವೇರ್ ಕಂಪನಿಯ ಡೈರೆಕ್ಟರು. ನಾನು ಶಾಸ್ತ್ರಕ್ಕೆ.

ಬೈಲಾ ಬರೆದದ್ದೂ ನಾನೇ. ಮೊದಲು ಕುಟುಂಬಕ್ಕೊಂದು ಮತ. ಅಂದರೆ ಗಂಡನದು. ಈಗ ಪ್ರತಿ ವಯಸ್ಕ ಸದಸ್ಯರಿಗೂ ಒಂದು ಮತ ಎಂದು ಬರೆದೆ. ಯಾರೂ ಓದಲಿಲ್ಲ. ಕೈಯಲ್ಲಿ ಚಿತ್ರಾನ್ನದ ಪ್ಲೇಟು ಹಿಡಿದೇ ಸಹಿ ಹಾಕಿದರು.

ಜೂನ್ 10, ಶನಿವಾರ

ನಾಮಪತ್ರಕ್ಕೆ ಕೊನೆಯ ದಿನ. ಐದಕ್ಕೆ ಮುಗಿಯಬೇಕು. ನಾಲ್ಕು ನಲವತ್ತಕ್ಕೆ ಬಾಗಿಲು ತಟ್ಟಿದಳು ಗುರುಬಸವ್ವ. ಗೋಕಾಕದವಳು. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಶಿಫ್ಟ್ ಲೀಡು, ಕೈಕೆಳಗೆ ನಲವತ್ತು ಜನ. ಕೆಲಸದ ದಪ್ಪ ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತು ಕೇಳಿದಳು.

"ನೀಲಕ್ಕಾ, ಖರೇನ ಓಟ್ ಹಾಕಸ್ತೀರೋ, ಇಲ್ಲಾ ಬರೇ ಶೋನೋ?"

ಖರೆ ಎಂದೆ. ಅಲ್ಲೇ ನಿಂತು ಫಾರಮ್ ತುಂಬಿದಳು.

ಏಳು ಗಂಟೆಯೊಳಗೆ ಐದು ಫೋನು. ಹೆಣ್ಣುಮಗಳು, ನೀವು ಹೇಳಿದರೆ ಕೇಳುತ್ತಾಳೆ, ವಾಪಸ್ ತೆಗೆದುಕೊಳ್ಳಲು ಹೇಳಿ ಅಂತ. ಚುನಾವಣಾಧಿಕಾರಿಗೆ! ಇವರು ಊಟದ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋದರು.

ಚಾಂಥಾಳೂ ಹೀಗೇ ಕೇಳಿದ್ದಳು. 1993, ಕಾಂಬೋಡಿಯಾ. ನನಗೆ ಇಪ್ಪತ್ತೆಂಟು, ಧಾರವಾಡದ ಕಾಲೇಜಿಗೆ ರಜೆ ಹಾಕಿ ವಾಲಂಟಿಯರ್ ಆಗಿ ಹೋದವಳು. ದೊಡ್ಡ ಸರೋವರದ ಪಕ್ಕದ ಒಂದು ಜಿಲ್ಲೆ ನನ್ನ ಪಾಲಿಗೆ. ಚಾಂಥಾ ನನ್ನ ದುಭಾಷಿ, ಇಪ್ಪತ್ತರ ಹುಡುಗಿ. ನಿಜವಾಗಿ ಎಣಿಸುತ್ತೀರಾ ಎಂದಳು. ಮೇ 23ಕ್ಕೆ ಮತದಾನ ಶುರು. ಬೆಳಕು ಹರಿಯುವ ಮುಂಚೆ ಸಾಲು. ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟ ಹೆಂಗಸರು. ಗಂಡಸರು ಕಡಿಮೆ... ಯುದ್ಧ ತಿಂದು ಹಾಕಿತ್ತು. ನೂರಕ್ಕೆ ತೊಂಬತ್ತು ಜನ ಹಾಕಿದರು. 120 ಪ್ರತಿನಿಧಿಗಳು. ಅವರು ಮೂರು ತಿಂಗಳಲ್ಲಿ ಸಂವಿಧಾನ ಬರೆಯಬೇಕು, ಬರೆದ ಮೇಲೆ ಅದೇ ಸಭೆ ದೇಶದ ಪಾರ್ಲಿಮೆಂಟು. ಮೇಲೊಬ್ಬ ರಾಜ, ಅಧಿಕಾರವೆಲ್ಲ ಜನ ಆರಿಸಿದವರದು. ಕಾಗದದ ಮೇಲೆ ಅಷ್ಟು ಚೆಂದ.

ಜೂನ್ 25, ಭಾನುವಾರ. ಸಂಜೆ 6

ಮುಗಿಯಿತು. ಸ್ಕಾರ್‌ಬರೋ ಕಮ್ಯುನಿಟಿ ಸೆಂಟರಿನ ಜಿಮ್ಮು. ಡಾಲರ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಕ್ಕೆ ಸೀಳು ಕೊಯ್ದು, ಟೇಪು ಸುತ್ತಿ, ಟೇಪಿನ ಮೇಲೆ ಎರಡೂ ಕಡೆಯವರ ಸಹಿ ಹಾಕಿಸಿದೆ. ಅದೇ ಮತಪೆಟ್ಟಿಗೆ.

ಹೆಂಗಸರು ಬಂದರು. ಬಂದೇ ಬಂದರು. ಎಂಬತ್ತೊಂದರ ಗಿರಿಜವ್ವ ವಾಕರ್ ತಳ್ಳಿಕೊಂಡು ಬಂದಿದ್ದರು. ಚೀಟಿ ಕೊಟ್ಟರೆ, ಇದನ್ನ ನನ್ನ ಮಗಾ ಹಾಕಬೇಕೇನು ಎಂದು ಕೇಳಿದರು. ನಿಮ್ಮದು ನೀವೇ ಎಂದೆ. ಮರೆಯೊಳಗೆ ಹೋಗಿ ಹೊರಗೆ ಬರಲು ಆರು ನಿಮಿಷ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ.

ಚಲಾವಣೆಯಾದದ್ದು 271. ಗುರುಬಸವ್ವ 139, ಹರ್ಷವರ್ಧನ್ 128, ಅಸಿಂಧು 4. ಎರಡು ಸಲ ಎಣಿಸಿದೆ. ಇಬ್ಬರ ಏಜೆಂಟರೂ ಎಣಿಕೆಯ ಹಾಳೆಗೆ ಸಹಿ ಹಾಕಿದರು. ಹರ್ಷವರ್ಧನ್ ಕೈ ಕುಲುಕದೆ ಕಾರು ಹತ್ತಿದ. ಜುಲೈ 30ರ ಜನರಲ್ ಬಾಡಿಯಲ್ಲಿ ಫಲಿತಾಂಶ ಓದಿದರೆ ನನ್ನ ಕೆಲಸ ಮುಗಿಯಿತು. ಅಲ್ಲಿ ಓದಿದ್ದೇ ನಡಾವಳಿಗೆ ಹೋಗುವುದು.

ಸಂತೋಷವಾಗಿದೆ. ಬರೆದಿಡುತ್ತೇನೆ, ಅಪರೂಪ.

ಜುಲೈ 1, ಶನಿವಾರ

ಕೆನಡಾ ಡೇ. ಹರ್ಷವರ್ಧನನ ಈಮೇಲು, ಎಲ್ಲ ಸದಸ್ಯರಿಗೂ. ಚುನಾವಣೆ ಅಕ್ರಮವಂತೆ. ಬೈಲಾದಲ್ಲಿ "ಮೋಸದಿಂದ" ಹೆಂಗಸರ ಮತ ಸೇರಿಸಲಾಗಿದೆಯಂತೆ. ಕೆಳಗೆ ಅವನದೇ ಸಹಿ ಇರುವ ಬೈಲಾ! ತನಗೆ ನ್ಯಾಯ ಸಿಗದಿದ್ದರೆ ಮಿಸಿಸಾಗಾದ ಸದಸ್ಯರೆಲ್ಲ ಹೊರಟುಹೋಗಿ ಬೇರೆ ಸಂಘ ಕಟ್ಟುತ್ತಾರಂತೆ. ವೆಬ್‌ಸೈಟಿನ ಪಾಸ್‌ವರ್ಡು, ದೀಪಾವಳಿಯ ಹಾಲ್ ಬುಕಿಂಗು, ಸೌಂಡ್ ಸಿಸ್ಟಮ್ಮು ಎಲ್ಲ ಅವರ ಕೈಯಲ್ಲಿ.

ಈ ಕಾಗದವನ್ನು ನಾನು ಮೊದಲೇ ಓದಿದ್ದೇನೆ. 1993ರ ಜೂನ್. ಸೋತವರ ಕೈಯಲ್ಲೇ ಸೈನ್ಯ, ಪೊಲೀಸು, ಆಫೀಸುಗಳು. ಪೂರ್ವದ ಪ್ರಾಂತ್ಯಗಳನ್ನು ಒಡೆದುಕೊಂಡು ಹೋಗುತ್ತೇವೆ ಎಂದು ಬೆದರಿಕೆ. ಆಗಲೂ ಹಿರಿಯರು ಸೇರಿದರು.

ಜುಲೈ 9, ಭಾನುವಾರ. ಮಧ್ಯಾಹ್ನ 3

ಹಿರಿಯರು ಸೇರಿದರು. ಮೆಡೋವೇಲಿನಲ್ಲಿ. ನನ್ನನ್ನು ಕರೆಯಲಿಲ್ಲ. ಇವರು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. ಸಿಹಿ ಸುದ್ದಿಯಂತೆ.

ಇಬ್ಬರು ಅಧ್ಯಕ್ಷರು. ಗುರುಬಸವ್ವ "ಪ್ರಥಮ ಅಧ್ಯಕ್ಷೆ", ಹರ್ಷವರ್ಧನ್ "ದ್ವಿತೀಯ ಅಧ್ಯಕ್ಷ". ಇಬ್ಬರ ಸಹಿಯೂ ಇಲ್ಲದೆ ಏನೂ ನಡೆಯುವಂತಿಲ್ಲ. ಇಬ್ಬರ ಮೇಲೊಬ್ಬರು ಆಜೀವ ಗೌರವ ಪೋಷಕರು — ಜಯಪ್ರಕಾಶ. ಜನರಲ್ ಬಾಡಿಯಲ್ಲಿ ನಾನು ಈ ನಿರ್ಣಯ ಓದಬೇಕು. ಅಂಕಿಗಳನ್ನು ಓದಬಾರದು. ಯಾಕೆ ಸುಮ್ಮನೆ ಮನಸ್ತಾಪ.

ನಕ್ಕೆ. ಕೆಮ್ಮು ಬರುವವರೆಗೆ ನಕ್ಕೆ. ಇವರ ಮುಖ ಸಣ್ಣಗಾಯಿತು.

"ಸಂಘ ಉಳೀಬೇಕೋ ಬೇಡ್ವೋ? ಪೋಷಕ ಅಂದ್ರೆ ಈ ದೇಶದ ರಾಜ ಇದ್ದ ಹಾಗೆ. ಅಧಿಕಾರ ಇಲ್ಲ, ಗೌರವ ಅಷ್ಟೆ. ಇದು ಶಾಂತಿ ಕಣೇ, ನೀಲಾ."

ಈ ದೇಶದ ರಾಜ ಸೋತವನನ್ನು ಕರೆದು ಇನ್ನೊಂದು ಕುರ್ಚಿ ಹಾಕಿಸುವುದಿಲ್ಲ ಎನ್ನಬೇಕಿತ್ತು. ಆದರೆ "ಇದು ಶಾಂತಿ" ನನ್ನದೇ ಮಾತು. ಹೊರಡುವ ದಿನ ಹೆಲಿಕಾಪ್ಟರ್ ಇಳಿದ ಬಯಲಿನಲ್ಲಿ ಚಾಂಥಾ ಕೇಳಿದ್ದಳು: ಮೇಡಂ, ಗೆದ್ದವರು ಒಬ್ಬರು, ಸರ್ಕಾರಕ್ಕೆ ಇಬ್ಬರು ಮುಖ್ಯಸ್ಥರು ಯಾಕೆ? ನಾನು ಹೇಳಿದೆ: ಇದು ಶಾಂತಿ, ಪಾರ್ಲಿಮೆಂಟು ಕೂರುತ್ತದಲ್ಲ, ಅದು ಮುಖ್ಯ. ಹೇಳಿ ಹತ್ತಿದೆ. ಯುಎನ್ ಕೊಟ್ಟ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದೆ. ಈಗಲೂ ಮೆಟ್ಟಿಲ ಗೋಡೆಯ ಮೇಲಿದೆ.

ಮೈಸೂರು ಪಾಕು ಕಸದ ಬುಟ್ಟಿಗೆ. ಡಬ್ಬಿ ಸಮೇತ.

ಜುಲೈ 11, ಮಂಗಳವಾರ

ಸಿಟ್ಟು ಇಳಿಯುತ್ತಿಲ್ಲ. ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

1993ರ ಸೆಪ್ಟೆಂಬರಿನಲ್ಲಿ ಕಾಂಬೋಡಿಯಾಕ್ಕೆ ಸಂವಿಧಾನ ಬಂತು. ರಾಜ ಮತ್ತೆ ಸಿಂಹಾಸನಕ್ಕೆ ಬಂದ. ಪ್ರಥಮ ಪ್ರಧಾನಿ, ದ್ವಿತೀಯ ಪ್ರಧಾನಿ ಬಂದರು. ನಾಲ್ಕೇ ವರ್ಷಕ್ಕೆ ಇಬ್ಬರ ಕಡೆಯವರೂ ರಾಜಧಾನಿಯ ಬೀದಿಯಲ್ಲಿ ಗುಂಡು ಹಾರಿಸಿಕೊಂಡರು. ಉಳಿದವನು ದ್ವಿತೀಯನೇ, ಚುನಾವಣೆಯಲ್ಲಿ ಸೋತವನು. 2017ರಲ್ಲಿ ದೊಡ್ಡ ವಿರೋಧ ಪಕ್ಷವನ್ನು ಕೋರ್ಟು ಬರಖಾಸ್ತು ಮಾಡಿತು. ಮರುವರ್ಷ 125ಕ್ಕೆ 125 ಸೀಟು ಒಂದೇ ಪಕ್ಷಕ್ಕೆ. ಪಾರ್ಲಿಮೆಂಟು ಕೂರುತ್ತದೆ. ನಾನು ಹೇಳಿದ್ದು ಸುಳ್ಳಾಗಲಿಲ್ಲ. ಕೈ ಎತ್ತು ಎಂದರೆ ಎತ್ತುತ್ತದೆ.

ಹೋಲಿಕೆ ಅತಿಯಾಯಿತು, ಗೊತ್ತು. ಅಲ್ಲಿ ಹೆಣ ಬಿದ್ದವು, ಇಲ್ಲಿ ಚಿತ್ರಾನ್ನ. ಆದರೂ ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ದೊಡ್ಡದೋ ಚಿಕ್ಕದೋ ಎಂದು ಅಳೆಯಬೇಕೆ?

ಜುಲೈ 24, ಸೋಮವಾರ

ನಿನ್ನೆ ಕಾಂಬೋಡಿಯಾದಲ್ಲಿ ಮತದಾನ. ಒಂದೇ ಪಕ್ಷಕ್ಕೆ 120 ಎನ್ನುತ್ತಿದ್ದಾರೆ. ಉಳಿದದ್ದು ಐದು. ಎದುರು ನಿಲ್ಲಬಲ್ಲವರನ್ನು ಮೇ ತಿಂಗಳಲ್ಲೇ ಕಣದಿಂದ ಹೊರಗಿಟ್ಟಾಗಿತ್ತು.

ಚಾಂಥಾಳ ಮೆಸೇಜು. ಪ್ರತಿ ಚುನಾವಣೆಗೂ ಬರೆಯುತ್ತಾಳೆ, ಮೂವತ್ತು ವರ್ಷದಿಂದ. ಹೋಗಿ ಹಾಕಿ ಬಂದಳಂತೆ, ಹೋಗದಿದ್ದರೆ ಕೇಳುತ್ತಾರಂತೆ. ಚೀಟಿಯಲ್ಲಿ ತನಗೆ ಬೇಕಾದವರ ಗುರುತೇ ಇರಲಿಲ್ಲವಂತೆ. ಅಮ್ಮನಿಗೆ ಎಂಬತ್ತಾಯಿತು, ಈಗಲೂ ಮತದಾನ ಎಂದರೆ ಒಳ್ಳೆಯ ಬಟ್ಟೆ ತೆಗೆದಿಡು ಎನ್ನುತ್ತಾಳಂತೆ. ನಿಮ್ಮ ಸೊಂಟನೋವು ಹೇಗಿದೆ ಮೇಡಂ ಎಂದು ಕೊನೆಯಲ್ಲಿ.

ಒಂದು ಸಲವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ವಾಸಿಯಿತ್ತು.

ಜುಲೈ 27, ಗುರುವಾರ

ಗುರುಬಸವ್ವನ ಫೋನು, ಬ್ರೇಕಿನಲ್ಲಿ. ಹಿಂದೆ ಫೋರ್ಕ್‌ಲಿಫ್ಟಿನ ಪೀಪೀ ಸದ್ದು. ಹಿರಿಯರು ಅವಳ ಮನೆಗೆ ಎರಡು ಸಲ ಹೋಗಿದ್ದರಂತೆ. ಒಪ್ಪಿಕೋ, ಪ್ರಥಮ ನೀನೇ ಅಲ್ಲವೇ ಎಂದರಂತೆ.

"ಮಂದಿ ಒಬ್ಬಾಕಿನ್ನ ಆರಿಸ್ಯಾರ. ಇಬ್ಬರು ಯಾಕ ನೀಲಕ್ಕಾ? ಒಲ್ಲೆ ಅಂದ್ರ ಸಂಘಾ ಒಡದಾಕಿ ಅಂತ ನನ್ನ ಹೆಸರಿಗೆ ಬರತೈತಿ. ಏನ್ ಮಾಡ್ಲಿ ನಾ?"

ಅದೇ ಪ್ರಶ್ನೆ. ಮೂವತ್ತು ವರ್ಷ ಸುತ್ತಿ ಬೋಲ್ಟನ್ನಿನಿಂದ ಬಂತು.

"ನೀ ಒಪ್ಪೂದು ಬಿಡೂದು ಆಮ್ಯಾಲ," ಎಂದೆ. "ಎಣಿಕಿ ಹಾಳಿ ನನ್ನ ಕಡೆ ಐತಿ. ಅದನ್ನ ನಾ ಓದತೀನಿ."

ಮನ್ಯಾಗ ಜಗಳ ಆಗತೈತಲ್ರೀ ಎಂದಳು. ಆಗಲಿ ಎಂದೆ.

ಜುಲೈ 30, ಭಾನುವಾರ. ಮಧ್ಯಾಹ್ನ 1:50

ಜಿಮ್ಮಿನ ಹಿಂದಿನ ಸಾಲು. ವೇದಿಕೆಯ ಮೇಲೆ ಮೂರು ಕುರ್ಚಿ. ನಡುವಿನದು ಎತ್ತರ, ಜರಿ ಶಾಲು ಹೊದಿಸಿದ್ದಾರೆ. ಅದರಲ್ಲಿ ಇವರು. ಮೈಸೂರು ಪೇಟ ಬೇರೆ ಕಟ್ಟಿದ್ದಾರೆ, ಕಿವಿಯ ಮೇಲೆ ಜಾರುತ್ತಿದೆ. ಎಡಕ್ಕೆ ಹರ್ಷವರ್ಧನ್, ಫೋನ್ ನೋಡುತ್ತ. ಬಲಗಡೆಯದು ಖಾಲಿ. ಗುರುಬಸವ್ವ ಹತ್ತಿಲ್ಲ. ಕೆಳಗೆ ಗಿರಿಜವ್ವನ ಪಕ್ಕ ಕುಳಿತಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ.

ಬೆಳಿಗ್ಗೆ ಇವರು ನನ್ನ ಫೈಲಿನಲ್ಲಿ ನಿರ್ಣಯದ ಹಾಳೆ ಇಟ್ಟರು. ತೆಗೆದು ಊಟದ ಮೇಜಿನ ಮೇಲಿಟ್ಟೆ. ಮತ್ತೆ ಇಟ್ಟರು. ಮತ್ತೆ ತೆಗೆದೆ. ಕಾರಿನಲ್ಲಿ ಒಂದೇ ಮಾತು — "ನೀಲಾ, ಬೇಡ. ನನಗೋಸ್ಕರ." ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಹೀಗೆ ಬೇಡಿದವರಲ್ಲ. ಪೇಟದೊಳಗಿನ ಮುಖ ಈಗಲೂ ಕೆಟ್ಟವರ ಮುಖವಲ್ಲ. ಆವತ್ತು ಹೆಲಿಕಾಪ್ಟರ್ ಹತ್ತಿದ ನನ್ನ ಮುಖವೂ ಅಲ್ಲ.

ಕಾರ್ಯದರ್ಶಿ ನನ್ನ ಹೆಸರು ಕರೆದರು. ಚುನಾವಣಾಧಿಕಾರಿ ಶ್ರೀಮತಿ ನೀಲಾಂಬಿಕಾ ಅವರಿಂದ ನಿರ್ಣಯ ವಾಚನ. ಚಪ್ಪಾಳೆ. ಇವರು ತಟ್ಟುತ್ತಿಲ್ಲ.

ಎಣಿಕೆಯ ಹಾಳೆಯನ್ನು ಯಾರಾದರೂ ಕಿತ್ತುಕೊಂಡರೆ ಎಂದು ಇಲ್ಲೂ ಬರೆದುಕೊಳ್ಳುತ್ತೇನೆ. ಚಲಾವಣೆಯಾದ ಮತ 271. ಗುರುಬಸವ್ವ 139. ಹರ್ಷವರ್ಧನ್ 128. ಅಸಿಂಧು 4. ಆಯ್ಕೆಯಾದ ಅಧ್ಯಕ್ಷರು, ಒಬ್ಬರೇ —