ನಟಿಸೆಂದರೆ ಹೊಲಿದುಬಿಟ್ಟ ಚಿಕ್ಕಮ್ಮ

ನಗರದ ಅಂದಚಂದ ನೋಡಿಕೊಳ್ಳುವ ಮಾನ್ಯರೇ,

ನನ್ನ ಚಿಕ್ಕಮ್ಮನ ಹೊಲಿಗೆ ಯಂತ್ರ ನಿಮ್ಮ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿದೆ. ಹಿಂದಿರುಗಿಸಿ. ನಾನು ಶಾಲೆ ಅರ್ಧಕ್ಕೆ ಬಿಟ್ಟವನು. ಸುತ್ತಿಬಳಸಿ ಬರೆಯುವುದನ್ನು ಕಲಿಸುವ ತರಗತಿಯವರೆಗೆ ಹೋಗಲಿಲ್ಲ.

ರೈಲು ನಿಲ್ದಾಣದೆದುರಿನ ಚೌಕದಲ್ಲಿ ಕೂತು ಆಕೆ ಹರಿದ ಚೀಲ, ಕೆಟ್ಟ ಜಿಪ್ಪುಗಳನ್ನು ಸರಿಮಾಡುತ್ತಿದ್ದಳು. ಹೊಸ ಕಲ್ಲುಹಾಸು ಬಂದ ಮೇಲೆ ನಿಮ್ಮ ಕಣ್ಣಿಗೆ ಕಸವಾಗಿ ಕಂಡಳು. ಯಂತ್ರ ಲಾರಿ ಹತ್ತಿತು. ಆಮೇಲೆ, ಜಗತ್ತಿನ ನಗರಗಳ ದಿನನಿತ್ಯದ ಬದುಕಿಗೆ ಅಂಕ ಕೊಡುವ ಅತಿಥಿಗಳು ಬರುತ್ತಾರೆಂಬ ಸುದ್ದಿ ಬಂತು. ಚೌಕ ಕನ್ನಡಿಯಂತೆ ಹೊಳೆಯುತ್ತಿದೆ, ಬದುಕೊಂದೇ ಇಲ್ಲ! ಎಂಥ ಪೇಚು ನಿಮಗೆ! ಕೊನೆಗೆ ಬದುಕನ್ನೂ ಗುತ್ತಿಗೆಗೆ ಕೊಟ್ಟಿರಿ. ಬೆಂಚಿನ ಮೇಲೆ ಕೂತು ನಗಲು ನನಗೆ ಕೂಲಿ. ತನ್ನ ಹಳೆಯ ಜಾಗದಲ್ಲೇ, ತನ್ನದೇ ಯಂತ್ರದ ಮುಂದೆ, ತಾನೇ ಆಗಿ ನಟಿಸಲು ಚಿಕ್ಕಮ್ಮನಿಗೆ ಕೂಲಿ. ನಾಟಕ ಮುಗಿದ ಮೇಲೆ ಯಂತ್ರ ವಾಪಸು ಎಂದು ಮಾತಾಗಿತ್ತು. ಅದರ ಸೂಜಿಯನ್ನು ಮಾತ್ರ ಕಿತ್ತಿಟ್ಟಿದ್ದಿರಿ. ಹಲ್ಲು ಕಿತ್ತ ಪ್ರಾಣಿ ಎಷ್ಟು ಸಾಧು, ಅಲ್ಲವೇ?

ಅತಿಥಿಗಳಲ್ಲೊಬ್ಬರು ಪಟ್ಟಿ ಕಿತ್ತುಹೋದ ಕೈಚೀಲವನ್ನು ಮುಂದಿಟ್ಟರು. ಚಿಕ್ಕಮ್ಮ ಎಡವಿದ್ದು ಅಲ್ಲೇ. ಸೆರಗಿಗೆ ಚುಚ್ಚಿಕೊಂಡಿದ್ದ ಕೈಸೂಜಿ ತೆಗೆದು ಹೊಲಿದೇಬಿಟ್ಟಳು. ಅತಿಥಿ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಅವರ ಬಸ್ಸು ಹೊರಟಿದ್ದೇ ತಡ, ನಿಮ್ಮ ಮೇಲ್ವಿಚಾರಕ ಹಾರಾಡಿದ.

"ಹೊಲಿ ಅಂತ ಹೇಳಿದ್ಯಾರು? ಹೊಲಿಯೋ ಥರ ಮಾಡು ಅಂದಿದ್ದು!"

"ಕಿತ್ತೋಗಿದ್ದನ್ನ ಕೈಗೆ ಕೊಟ್ರಲ್ಲಪ್ಪಾ. ಸುಮ್ನೆ ಸವರ್ತಾ ಕೂತಿರ್ಲಾ?"

"ಪರ್ಮಿಟ್ ಇಲ್ದೆ ಕೆಲಸ ಮಾಡಿದ್ದೀಯ. ಮಿಷಿನ್ ಸಿಗಲ್ಲ, ಹೋಗು."

"ಹಂಗಾದ್ರೆ ಓಡೋಗಿ ಆ ಹೊಲಿಗೇನೂ ಬಿಚ್ಕೊಂಡು ಬರ್ಲಾ? ಬಸ್ ಇನ್ನೂ ಸಿಗ್ನಲ್‌ನಲ್ಲೇ ಇದೆ."

ಮಾನ್ಯರೇ, ನೀವು ಅಲ್ಲೇ ನಿಂತಿದ್ದಿರಿ. ಕೈಗಡಿಯಾರ ನೋಡಿಕೊಂಡಿರಿ. ಹೊಲಿಯುವವಳು ಹೊಲಿಯುವುದು ಅಪರಾಧವಾದರೆ, ಆಳುವವರು ಆಳುವಂತೆ ನಟಿಸುವುದಕ್ಕೆ ಸಂಬಳವೇಕೆ?

ನಗರಕ್ಕೆ ಪ್ರಶಸ್ತಿ ಬಂತು. ಚೌಕದ ಗೋಡೆಯ ಮೇಲೆ ಈಗ ಎರಡು ಮಹಡಿ ಎತ್ತರದ ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಕೆಳಗೆ ‘ಬದುಕು ಅರಳುವ ನಗರ’ ಎಂದು ಬರೆದಿದೆ. ಅಸಲಿ ಚಿಕ್ಕಮ್ಮ ಹೋಟೆಲೊಂದರ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಸೋಪಿನ ನೀರಿಗೆ ಬೆರಳ ತುದಿಗಳು ಬಿರಿದಿವೆ. ಇನ್ನೊಂದಿಷ್ಟು ದಿನ ಹೀಗೇ ಹೋದರೆ ಸೂಜಿ ನಿಲ್ಲುವ ಕೈ ಉಳಿಯುವುದಿಲ್ಲ. ನಿನ್ನೆ ತನ್ನ ಚಿತ್ರ ನೋಡಲು ನಿಂತವಳನ್ನು ಕಾವಲುಗಾರ, "ಇಲ್ಲೆಲ್ಲ ನಿಲ್ಬಾರ್ದು, ನಡಿಯಮ್ಮ" ಎಂದು ಅಟ್ಟಿದ.

ಯಂತ್ರ ಕೊಡಿ, ಕೂರಲು ಜಾಗ ಕೊಡಿ. ಆಗದಿದ್ದರೆ ಆ ಚಿತ್ರ ಇಳಿಸಿ. ಉಸಿರಾಡುತ್ತಿರುವ ಹೆಂಗಸಿಗೆ ಅಷ್ಟು ದೊಡ್ಡ ಶ್ರದ್ಧಾಂಜಲಿ ಶೋಭಿಸುವುದಿಲ್ಲ.

ಇಂತಿ,
ಮುಂದಿನ ತಪಾಸಣೆಯವರೆಗೆ ನಿಮಗೆ ಬೇಡವಾದ ಒಬ್ಬ ನಾಗರಿಕ